ತೋಟ ಮಾರುವ ಮುಂಚೆ: ದೇವರು ದಾರಿ ತೋರಿಸುತ್ತಾನೆ ಅಂದರೆ ಏನು?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು. ಮೂರು ಎಕರೆ ಅರೇಬಿಕಾ ಕಾಫಿ ತೋಟ ಇದೆ. ಬಿಳಿ ಕಾಂಡಕೊರಕ ಹುಳು ಜಾಸ್ತಿಯಾಗಿ ಎರಡು ವರ್ಷದಿಂದ ಗಿಡ ಹೋಗುತ್ತಿವೆ. ಬ್ಯಾಂಕಿನ ಸಾಲ ಇದೆ. ತೋಟ ಮಾರಿ ಬೆಂಗಳೂರಿಗೆ ಹೋಗಿ ತಮ್ಮನ ಜೊತೆ ಅಂಗಡಿ ಮಾಡೋಣ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಅತ್ತೆ ಬೇಡವೇ ಬೇಡ ಅನ್ನುತ್ತಾರೆ. ಹೊಸ ವರ್ಷದ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡ್ ಯೆರೆಮೀಯ 29:11. ಆಮೇಲೆ ಒಂದು ಕೂಟಕ್ಕೆ ಬಂದಿದ್ದ ದೇವರ ಸೇವಕರು, 'ಎರಡು ತಿಂಗಳಲ್ಲಿ ದೇವರು ನಿಮ್ಮನ್ನು ದೊಡ್ಡ ಪಟ್ಟಣಕ್ಕೆ ಕರೆದೊಯ್ಯುತ್ತಾನೆ' ಅಂದರು. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ದೇವರ ಚಿತ್ತ ಗೊತ್ತಾಗುವುದು ಹೇಗೆ? ಹೀಗೆ ಚಿಂತೆ ಮಾಡುವುದು ಅವಿಶ್ವಾಸವೇ? ತಪ್ಪು ನಿರ್ಧಾರ ಮಾಡಿಬಿಟ್ಟರೆ ದೇವರು ಕೈಬಿಡುತ್ತಾನಾ?

ಉತ್ತರ: ಅಕ್ಕ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕಡೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಇಲ್ಲ, ಕೈಬಿಡುವುದಿಲ್ಲ. ತೋಟ ಇಟ್ಟುಕೊಂಡರೂ ಇಲ್ಲ, ಮಾರಿದರೂ ಇಲ್ಲ. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಈಗ ಆ ಕಾರ್ಡ್ ವಿಷಯ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಸಾಲಾಗಿ ಬಂದು ಬುಟ್ಟಿಯಿಂದ ಒಂದು ವಾಗ್ದಾನದ ಕಾರ್ಡ್ ತೆಗೆದುಕೊಳ್ಳುವುದು ನಮ್ಮ ಎಷ್ಟೋ ಸಭೆಗಳಲ್ಲಿ ಇದೆ. ನಾನೂ ಕೊಟ್ಟಿದ್ದೇನೆ. ಆ ಕಾರ್ಡನ್ನು ವರ್ಷವಿಡೀ ಬೈಬಲ್ಲಿನೊಳಗೆ ಇಟ್ಟುಕೊಂಡು, ಕಷ್ಟ ಬಂದಾಗ ತೆಗೆದು ನೋಡಿ ಕಣ್ಣು ಒರೆಸಿಕೊಳ್ಳುವವರನ್ನು ಕಂಡಿದ್ದೇನೆ. ಅದನ್ನು ಬೇಡ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಆ ವಚನ ಯಾರಿಗೆ, ಯಾವಾಗ ಬರೆದದ್ದು ಅಂತ ಒಮ್ಮೆ ನೋಡಿ. ನಿಮ್ಮ ಈಗಿನ ಸ್ಥಿತಿಗೆ ಅದು ಎಷ್ಟು ಹತ್ತಿರ ಇದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ಯೆರೆಮೀಯ 29 ಒಂದು ಕಾಗದ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದ ಜನರಿಗೆ ಪ್ರವಾದಿ ಬರೆದು ಕಳಿಸಿದ ಕಾಗದ. ಊರು ಹೋಯಿತು, ಹೊಲ ಹೋಯಿತು, ದೇವಾಲಯ ದೂರವಾಯಿತು. ಆ ಜನರಿಗೆ ಇದ್ದ ಪ್ರಶ್ನೆ ಒಂದೇ: ಯಾವಾಗ ವಾಪಸ್ ಹೋಗುತ್ತೇವೆ? ಈ ಕಾಗದದ ಹಿಂದಿನ ಅಧ್ಯಾಯದಲ್ಲಿ, ಅಂದರೆ 28ರಲ್ಲಿ, ಹನನ್ಯ ಅನ್ನುವ ಒಬ್ಬ ಪ್ರವಾದಿ ಬರುತ್ತಾನೆ. ಎಲ್ಲರ ಮುಂದೆ ನಿಂತು, 'ಎರಡು ವರ್ಷದೊಳಗೆ ಎಲ್ಲರೂ ವಾಪಸ್ ಬರುತ್ತಾರೆ' ಅನ್ನುತ್ತಾನೆ. ಬಾಬೆಲಿಗೆ ಅಧೀನರಾಗಿರಬೇಕು ಅನ್ನುವ ಗುರುತಾಗಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ತೆಗೆದು ಮುರಿದೇ ಹಾಕುತ್ತಾನೆ. ಜನ ಎಷ್ಟು ಖುಷಿ ಪಟ್ಟಿರಬೇಕು, ಯೋಚಿಸಿ.

ಯೆರೆಮೀಯ ಏನು ಮಾಡಿದ? ಅವನ ಮೊದಲ ಮಾತು 'ಆಮೆನ್, ಹಾಗೇ ಆಗಲಿ'. ಆ ಮಾತು ನನಗೆ ತುಂಬಾ ಇಷ್ಟ. ಒಳ್ಳೆಯದಾಗಲಿ ಅಂತ ಅವನಿಗೂ ಆಸೆ ಇತ್ತು. ಆದರೆ ನಡೆದರೆ ತಾನೇ ಪ್ರವಾದಿ ಯಾರು ಅಂತ ಗೊತ್ತಾಗುವುದು ಅಂತಲೂ ಹೇಳಿದ. ನೊಗ ಮುರಿದಾಗ ಜಗಳ ಆಡಲಿಲ್ಲ, ಸುಮ್ನೆ ಹೊರಟು ಹೋದ. ದೇವರ ಮಾತು ಅವನಿಗೆ ಆಮೇಲೆ ಬಂತು. ಅದರ ಪ್ರಕಾರ ಎರಡು ವರ್ಷ ಅನ್ನುವುದು ಸುಳ್ಳು. ಮುಂದೆ ಕಾಗದದಲ್ಲಿ ಬಂದ ಲೆಕ್ಕ 70 ವರ್ಷ. ಅಷ್ಟರವರೆಗೆ ಏನು ಮಾಡಬೇಕು ಅನ್ನುವುದೂ ಅದರಲ್ಲೇ ಇದೆ. ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ. ಇಷ್ಟು ಹೇಳಿ, 70 ವರ್ಷದ ಮಾತೂ ಆದ ಮೇಲೆಯೇ ನಿಮ್ಮ ಕಾರ್ಡಿನ ಮಾತು ಬರುವುದು. ನಿಮ್ಮ ಬಗ್ಗೆ ನನಗಿರುವ ಆಲೋಚನೆಗಳು ಹಿತದವು, ಅಹಿತದವಲ್ಲ ಅಂತ.

ಅಂದರೆ ಆ ವಚನ ಹುಟ್ಟಿದ್ದೇ ಬೇಗ ಬಗೆಹರಿಯುತ್ತದೆ ಅಂತ ಹೇಳಿದವನ ಮಾತನ್ನು ಕೇಳಬೇಡಿ ಅನ್ನುವ ಸಂದರ್ಭದಲ್ಲಿ. ಕೂಟದಲ್ಲಿ ನಿಮಗೆ ಹೇಳಿದವರು ಹನನ್ಯನ ಹಾಗೆ ಅಂತ ನಾನು ಹೇಳುತ್ತಿಲ್ಲ. ಅವರನ್ನು ನಾನು ಕಂಡಿಲ್ಲ. ಆದರೆ ನಿಮ್ಮ ಸಾಲ ಎಷ್ಟು, ಗಿಡ ಎಷ್ಟು ಹೋಗಿದೆ, ಅತ್ತೆಯ ವಯಸ್ಸೆಷ್ಟು ಅಂತ ಕೇಳದೆ, ಗಡುವು ಹಾಕಿ ಒಂದು ಮಾತು ಹೇಳಿ ಮುಂದಿನ ಊರಿಗೆ ಹೋದವರ ಮಾತಿನ ಮೇಲೆ ಜಮೀನಿನ ಪತ್ರಕ್ಕೆ ಸಹಿ ಹಾಕಬೇಡಿ. ಯೆರೆಮೀಯನ ಹಾಗೆ ಆಮೆನ್ ಅನ್ನಿ, ಕಾದು ನೋಡಿ. ಪ್ರವಾದನೆಯನ್ನು ಪರೀಕ್ಷಿಸಿ ಅಂತ ಪೌಲನೇ ಥೆಸಲೋನಿಕದವರಿಗೆ ಬರೆದಿದ್ದಾನೆ. ಪರೀಕ್ಷಿಸುವುದು ಅವಿಶ್ವಾಸ ಅಲ್ಲ.

ಇನ್ನೊಂದು ವಿಷಯ. ಅದೇ ಯೆರೆಮೀಯನ 32ನೇ ಅಧ್ಯಾಯ ಓದಿ. ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದೆ, ಊರು ಇನ್ನೇನು ಶತ್ರುಗಳ ಪಾಲಾಗುತ್ತದೆ. ಅಂಥ ಹೊತ್ತಿನಲ್ಲಿ ಅವನು ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಂಡುಕೊಳ್ಳುತ್ತಾನೆ. ಸಾಕ್ಷಿಗಳನ್ನು ಕರೆದು, ಪತ್ರಕ್ಕೆ ಮುದ್ರೆ ಹಾಕಿಸಿ, ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ನಿಮಗೆ ಬಂದ ಕಾರ್ಡ್ 29ನೇ ಅಧ್ಯಾಯದ್ದು, ಹಾಗಾಗಿ ನಿಮ್ಮ ಯಜಮಾನರಿಗೆ ಅದು 'ಹೋಗು' ಅಂದ ಹಾಗೆ ಕೇಳಿರಬಹುದು. ಅದೇ ಬುಟ್ಟಿಯಿಂದ 32ನೇ ಅಧ್ಯಾಯದ ಒಂದು ವಚನ ಬಂದಿದ್ದರೆ ಅತ್ತೆ 'ನೋಡಿದ್ಯಾ' ಅನ್ನುತ್ತಿದ್ದರು. ಪುಸ್ತಕ ಒಂದೇ, ಪ್ರವಾದಿ ಒಬ್ಬನೇ. ಕಾರ್ಡಿನ ಮೇಲೆ ನಾವು ಹೊರಿಸುವ ಈ ಭಾರವನ್ನು ಅದು ಹೊರಲಾರದು. ದೇವರ ಮನಸ್ಸು ನಿಮ್ಮ ಕಡೆಗೆ ಹೇಗಿದೆ ಅಂತ ಆ ವಚನ ಹೇಳುತ್ತದೆ. ಮೂರು ಎಕರೆಯನ್ನು ಏನು ಮಾಡಬೇಕು ಅಂತ ಹೇಳುವುದಿಲ್ಲ.

ಹಾಗಾದರೆ ದಾರಿ ಹೇಗೆ ಗೊತ್ತಾಗುತ್ತದೆ?

ನಿನ್ನ ವಾಕ್ಯವು ನನ್ನ ಕಾಲಿಗೆ ದೀಪ ಅಂತ 119ನೇ ಕೀರ್ತನೆಯಲ್ಲಿ ಇದೆಯಲ್ಲ, ಆ ದೀಪ ಎಂಥದ್ದು ಅಂತ ನಿಮ್ಮ ಅತ್ತೆಯವರನ್ನು ಕೇಳಿ. ಟಾರ್ಚು ಬರುವ ಮುಂಚೆ ನಮ್ಮ ಮಲೆನಾಡಿನಲ್ಲಿ ರಾತ್ರಿ ಹೊರಟರೆ ಸೂಡಿ ಹಿಡಿದುಕೊಂಡೇ ಹೋಗುತ್ತಿದ್ದರು. ಒಣ ಗರಿಗಳನ್ನು ಬಿಗಿಯಾಗಿ ಕಟ್ಟಿ ತುದಿಗೆ ಬೆಂಕಿ ಹಚ್ಚಿದ್ದು. ನನ್ನ ತಾತ ಹಿಡಿದುಕೊಂಡು ನಡೆಯುವಾಗ ನಾನು ಹಿಂದೆ ಅವರ ಕಂಬಳಿ ಹಿಡಿದುಕೊಂಡಿರುತ್ತಿದ್ದೆ. ಸೂಡಿಯ ಬೆಳಕು ಎರಡು ಮೂರು ಹೆಜ್ಜೆಗೆ ಮಾತ್ರ. ಆಚೆ ಎಲ್ಲ ಕತ್ತಲೆ. ಕೈ ಬೀಸುತ್ತಾ ನಡೆದರೆ ಉರಿಯುತ್ತದೆ, ನಿಂತುಬಿಟ್ಟರೆ ಮಂಕಾಗುತ್ತದೆ. ನಾನು 'ಮನೆ ಕಾಣಿಸುತ್ತಾ' ಅಂತ ಕೇಳುತ್ತಿದ್ದೆ. ತಾತ 'ಕಲ್ಲು ಇದೆ, ಕಾಲು ಎತ್ತಿಡು' ಅನ್ನುತ್ತಿದ್ದರು. ದೇವರನ್ನು ನಾನು ಎಷ್ಟೋ ಸಲ ಮನೆ ಕಾಣಿಸುತ್ತಾ ಅಂತ ಕೇಳಿದ್ದೇನೆ. ಕಲ್ಲಿನ ವಿಷಯ ಮಾತ್ರ ತಿಳಿದಿದೆ. ಆದರೆ ಕಂಬಳಿ ಕೈಯಲ್ಲಿತ್ತು.

ನಾವು ಸಾಮಾನ್ಯವಾಗಿ ಹುಡುಕುವ ಗುರುತುಗಳ ಬಗ್ಗೆಯೂ ಹೇಳಬೇಕು. 'ಬಾಗಿಲು ತೆರೆದಿದೆ, ಆದ್ದರಿಂದ ದೇವರ ಚಿತ್ತ' ಅನ್ನುತ್ತೇವೆ. ಯೋನ ದೇವರಿಂದ ತಪ್ಪಿಸಿಕೊಂಡು ಓಡುವಾಗ ಯೊಪ್ಪದ ಬಂದರಿನಲ್ಲಿ ಅವನಿಗೆ ಬೇಕಾದ ಹಡಗು ಸಿದ್ಧವಾಗಿ ನಿಂತಿತ್ತು. ಕೊಳ್ಳುವವರು ಸಿಕ್ಕಿದರು ಅನ್ನುವುದೇ ಮಾರು ಅನ್ನುವ ಅಪ್ಪಣೆ ಅಲ್ಲ. ಗಿದ್ಯೋನನ ಹಾಗೆ ಉಣ್ಣೆ ಹಾಸಿ ಗುರುತು ಕೇಳೋಣ ಅಂತಲೂ ಕೆಲವರು ಹೇಳುತ್ತಾರೆ. ನ್ಯಾಯಸ್ಥಾಪಕರು 6 ಓದಿದರೆ, ಗಿದ್ಯೋನನಿಗೆ ದೇವರು ಏನು ಮಾಡಬೇಕು ಅಂತ ಅದಕ್ಕೂ ಮುಂಚೆಯೇ ಹೇಳಿಯಾಗಿತ್ತು. ಅವನ ಕಷ್ಟ ಧೈರ್ಯದ್ದು. ದೇವರು ಅವನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ, ಕರುಣೆ ತೋರಿಸಿದ. ಆದರೆ ಅದನ್ನು ಎಲ್ಲರೂ ಹಿಡಿಯಬೇಕಾದ ಪದ್ಧತಿ ಅಂತ ಬೈಬಲ್ ಎಲ್ಲೂ ಹೇಳಿಲ್ಲ.

ನನಗೆ ಹೆಚ್ಚು ಸಹಾಯ ಮಾಡಿದ ಜಾಗ ಅಪೊಸ್ತಲರ ಕೃತ್ಯಗಳು 16. ಪೌಲ ಆಸ್ಯ ಪ್ರಾಂತ್ಯಕ್ಕೆ ಹೋಗಬೇಕು ಅಂದುಕೊಂಡ, ಆತ್ಮನು ತಡೆದನು. ಬಿಥೂನ್ಯಕ್ಕೆ ಹೊರಟ, ಅಲ್ಲೂ ಬಿಡಲಿಲ್ಲ. ಆಮೇಲೆ ತ್ರೋವದಲ್ಲಿ ರಾತ್ರಿ ದರ್ಶನ. ಮಕೆದೋನ್ಯದವನೊಬ್ಬ ನಿಂತು 'ಇಲ್ಲಿಗೆ ಬಂದು ಸಹಾಯ ಮಾಡು' ಅನ್ನುತ್ತಾನೆ. ಅಷ್ಟಾದರೂ ಮುಂದಿನ ಮಾತು 'ನಾವು ತೀರ್ಮಾನಿಸಿ ಹೊರಟೆವು' ಅಂತ ಇದೆ. ದರ್ಶನ ಕಂಡದ್ದು ಒಬ್ಬನಿಗೆ, ಕೂಡಿ ಕೂತು ಅದರ ಅರ್ಥ ತಿಳಿದುಕೊಂಡದ್ದು ಎಲ್ಲರೂ. ನಿಮ್ಮ ಮನೆಯಲ್ಲಿ ಈ 'ನಾವು' ಇನ್ನೂ ಆಗಿಲ್ಲ ಅಂತ ನನಗೆ ಕಾಣುತ್ತದೆ. ಯಜಮಾನರು ಒಂದು ಕಡೆ, ಅತ್ತೆ ಒಂದು ಕಡೆ, ನೀವು ರಾತ್ರಿಯೆಲ್ಲ ಎಚ್ಚರ.

ಇನ್ನೂ ಮುಂದೆ ಓದಿ. ದೇವರು ಕರೆದ ಆ ಮಕೆದೋನ್ಯದ ಫಿಲಿಪ್ಪಿ ಪಟ್ಟಣದಲ್ಲಿ ಏನಾಯಿತು? ಲುದ್ಯ ಅನ್ನುವ ಹೆಂಗಸಿನ ಮನೆಯಲ್ಲಿ ಒಂದು ಸಭೆ ಹುಟ್ಟಿತು, ನಿಜ. ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಬೆತ್ತದ ಏಟು ಬಿತ್ತು, ಕಾಲಿಗೆ ಕೋಳ ಬಿತ್ತು, ಅದೂ ನಿಜ. ನಾಳೆ ನೀವು ತೋಟದಲ್ಲೇ ಉಳಿದು ಇನ್ನೊಂದು ವರ್ಷ ಬೆಳೆ ಕಡಿಮೆಯಾದರೆ, ಅಥವಾ ಬೆಂಗಳೂರಿಗೆ ಹೋಗಿ ಮೊದಲ ಆರು ತಿಂಗಳು ವ್ಯಾಪಾರ ಆಗದಿದ್ದರೆ, 'ದೇವರ ಚಿತ್ತ ತಪ್ಪಿತು' ಅಂತ ಒಬ್ಬರನ್ನೊಬ್ಬರು ದೂರಬೇಡಿ. ಕಷ್ಟ ಬಂದರೆ ದಾರಿ ತಪ್ಪಿದೆ ಅಂತಲೇ ಅರ್ಥ ಅಲ್ಲ.

ಚಿಂತೆಯ ಪ್ರಶ್ನೆಗೆ ಬರುತ್ತೇನೆ. ಇದರ ಬಗ್ಗೆ ನನ್ನ ಜೀವನದ ಒಂದು ರಾತ್ರಿ ಹೇಳಲೇಬೇಕು.

ಆಗ ನಾನು ಸಕಲೇಶಪುರದ ಕಡೆ ಒಂದು ಚಿಕ್ಕ ಸಭೆಗೆ ಹೊಸದಾಗಿ ಬಂದಿದ್ದೆ. ಮಗಳಿಗೆ ನಾಲ್ಕು ವರ್ಷ. ಜುಲೈ ತಿಂಗಳು, ಹಗಲು ರಾತ್ರಿ ಮಳೆ. ಮಗುವಿಗೆ ಮೂರು ದಿನದಿಂದ ಜ್ವರ. ನನ್ನ ಹೆಂಡತಿ ಹಾಸನಕ್ಕೆ ಕರೆದುಕೊಂಡು ಹೋಗೋಣ ಅಂದಳು. ನಾನು 'ದೇವರನ್ನು ನಂಬೋಣ' ಅಂದೆ. ಅದರ ಹಿಂದಿನ ಭಾನುವಾರವೇ ನಂಬಿಕೆಯ ಬಗ್ಗೆ ಪ್ರಸಂಗ ಮಾಡಿದ್ದೆ. ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದೆ. ಹಣೆ ಮೇಲಿನ ಒದ್ದೆ ಬಟ್ಟೆ ಐದು ನಿಮಿಷಕ್ಕೆ ಬಿಸಿಯಾಗುತ್ತಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ಸಭೆಯ ಒಬ್ಬ ಅಜ್ಜಿ, ಎಸ್ಟೇಟಿನಲ್ಲಿ ಕೂಲಿ ಮಾಡಿ ಬದುಕಿದವರು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದರು. ಮಗುವಿನ ಅಂಗಿ ಎತ್ತಿ ಪಕ್ಕೆ ನೋಡಿದರು. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ನನ್ನ ಕಡೆ ತಿರುಗಿ, 'ಅಯ್ಯನವರೇ, ಜೀಪು ಕರೆಸಿ. ದೇವರು ಜೀಪಲ್ಲೂ ಕೂರ್ತಾನೆ' ಅಂದರು.

ನ್ಯುಮೋನಿಯಾ ಆಗಿತ್ತು. ಮಗು ಉಳಿಯಿತು. ಈಗ ಅವಳಿಗೇ ಮಗು ಇದೆ. ಆದರೆ ಆ ರಾತ್ರಿ ನಾನು ಮಾಡುತ್ತಿದ್ದದ್ದು ನಂಬಿಕೆ ಆಗಿರಲಿಲ್ಲ ಅಂತ ನನಗೆ ಆಮೇಲೆ ತಿಳಿಯಿತು. ನನ್ನ ನಂಬಿಕೆ ಎಷ್ಟು ಗಟ್ಟಿ ಅಂತ ಸಭೆಗೆ ತೋರಿಸಲು ಹೊರಟಿದ್ದೆ, ಅದಕ್ಕೆ ಮಗಳ ಉಸಿರನ್ನು ಪಣ ಇಟ್ಟಿದ್ದೆ. ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ಹಿಡಿಯುತ್ತಾರೆ ಅಂತ ಸೈತಾನ ಹೇಳಿದಾಗ ಯೇಸುಸ್ವಾಮಿ ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದರು. ಮತ್ತಾಯ 4ರಲ್ಲಿ ಇದೆ. ಸೈತಾನ ಆಗ ಬಳಸಿದ್ದೂ ದೇವರ ವಾಗ್ದಾನದ ವಚನವೇ, 91ನೇ ಕೀರ್ತನೆಯದ್ದು.

ಆದ್ದರಿಂದ ಅಕ್ಕ, ಲೆಕ್ಕ ಹಾಕುವುದು, ವಿಚಾರಿಸುವುದು, ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆಕಾಶದ ಹಕ್ಕಿಗಳನ್ನು ನೋಡಿ ಅಂತ ಯೇಸುಸ್ವಾಮಿ ಹೇಳಿದರು. ನಿಮ್ಮ ತೋಟದ ಪಿಕಳಾರವನ್ನೇ ನೋಡಿ. ಬೆಳಗಾದರೆ ಸಂಜೆವರೆಗೂ ಅದು ಸುಮ್ನೆ ಕೂರುವುದಿಲ್ಲ, ಹುಡುಕುತ್ತಲೇ ಇರುತ್ತದೆ. ತಂದೆ ಉಣಿಸುವುದು ಹಾಗೆ. ಅದು ಬಿಟ್ಟಿರುವುದು ಒಂದೇ, ರಾತ್ರಿ ಕೊಂಬೆ ಮೇಲೆ ಕೂತು ನಾಳೆಯ ಹಣ್ಣನ್ನು ಇವತ್ತೇ ಹುಡುಕುವುದು. ಯೇಸುಸ್ವಾಮಿ ಬಿಡಿ ಅಂದದ್ದು ಅದನ್ನು. ಅದೂ ಬೈದು ಹೇಳಿದ್ದಲ್ಲ. ಊಟ ಬಟ್ಟೆಗೆ ನಿಜವಾಗಿ ಕಷ್ಟ ಇದ್ದ ಜನರ ಮಧ್ಯೆ ಕೂತು, ಇವೆಲ್ಲ ನಿಮಗೆ ಬೇಕು ಅಂತ ನಿಮ್ಮ ತಂದೆಗೆ ಗೊತ್ತು ಅಂತ ಹೇಳಿದ್ದು.

ನಿದ್ದೆಯನ್ನು ಬೇರೆಯಾಗಿ ನೋಡಿ. ಪ್ರವಾದಿ ಎಲೀಯ ಮರದ ಕೆಳಗೆ ಬಿದ್ದು 'ಸಾಕು, ನನ್ನ ಪ್ರಾಣ ತೆಗೆ' ಅಂದಾಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ, ಎಬ್ಬಿಸಿ ರೊಟ್ಟಿ ನೀರು ಕೊಡಿಸಿದ, ಮತ್ತೆ ಮಲಗಿಸಿದ, ಮತ್ತೆ ಊಟ ಕೊಡಿಸಿದ. ಮುಂದಿನ ಕೆಲಸದ ಮಾತು ತುಂಬಾ ದಿನ ಆದ ಮೇಲೆ. ಮೂರು ತಿಂಗಳು ನಿದ್ದೆ ಇಲ್ಲ ಅಂದರೆ ಡಾಕ್ಟರನ್ನು ನೋಡಬೇಕು, ಈ ವಾರವೇ. ಹೋಗುವುದು ಕಷ್ಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಲೊಯೋಲಾದ ಸಂತ ಇಗ್ನೇಷಿಯಸ್ ನಮ್ಮ ಪಂಗಡದವರಲ್ಲ, ಆದರೆ 1500ರ ಕಾಲದಲ್ಲಿ ಅವರು ಕೊಟ್ಟ ಒಂದು ಬುದ್ಧಿಮಾತನ್ನು ನಾನು ತುಂಬಾ ಜನರಿಗೆ ಹೇಳಿದ್ದೇನೆ: ಮನಸ್ಸು ಕತ್ತಲೆಯಲ್ಲಿರುವಾಗ ಹಳೆಯ ನಿರ್ಧಾರ ಬದಲಾಯಿಸಬೇಡ. ನೀವು ಸರಿಯಾಗಿ ನಿದ್ದೆ ಮಾಡಿ ಎದ್ದ ಮೇಲೆ ತೋಟದ ಮಾತು ಆಡಿ.

ಇನ್ನು ಕೈಬಿಡುವ ವಿಷಯ. ರೂತಳ ಪುಸ್ತಕ ನಾಲ್ಕೇ ಅಧ್ಯಾಯ, ಒಂದೇ ಸಂಜೆಯಲ್ಲಿ ಓದಬಹುದು. ಬೆತ್ಲೆಹೇಮಿನಲ್ಲಿ ಬರ ಬಂತು. ಎಲೀಮೆಲೆಕ ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬಿಗೆ ಹೋದ. ಅಲ್ಲಿ ಅವನು ಸತ್ತ. ಹತ್ತು ವರ್ಷದಲ್ಲಿ ಮಕ್ಕಳೂ ಸತ್ತರು. ಅವನು ಹೋದದ್ದು ಸರಿಯೋ ತಪ್ಪೋ? ಪುಸ್ತಕ ಒಂದು ಮಾತೂ ಹೇಳುವುದಿಲ್ಲ. ನಾನು ಎಷ್ಟು ಸಲ ಓದಿದರೂ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ನಾವಾಗಿದ್ದರೆ ಮೊದಲ ಪುಟದಲ್ಲೇ ತೀರ್ಪು ಬರೆಯುತ್ತಿದ್ದೆವು. ದೇವರ ಪುಸ್ತಕಕ್ಕೆ ಅದು ಮುಖ್ಯ ಅನಿಸಿಲ್ಲ. ಬರಿಗೈಲಿ ವಾಪಸ್ ಬಂದ ನೊವೊಮಿಗೆ ದೇವರು ಏನು ಮಾಡಿದ ಅನ್ನುವುದೇ ಮುಖ್ಯ. ಹಿಂದೆ ಬಂದ ಒಬ್ಬ ಸೊಸೆ ರೂತಳು, ಆಗ ತಾನೇ ಶುರುವಾಗಿದ್ದ ಜವೆಗೋಧಿಯ ಸುಗ್ಗಿ, ಕೊಯ್ದ ಹೊಲದಲ್ಲಿ ಉಳಿದ ತೆನೆ ಹಕ್ಕಲಾಯಲು ಹೋದಾಗ ಅಕಸ್ಮಾತ್ತಾಗಿ ಸಿಕ್ಕಿದ, ಎಲೀಮೆಲೆಕನ ಬಂಧು ಬೋವಜನ ಹೊಲ. ಯಾವ ದರ್ಶನವೂ ಇಲ್ಲ, ಪ್ರವಾದನೆಯೂ ಇಲ್ಲ. ಸಂಜೆ ಸೊಸೆ ಮನೆಗೆ ಹೊತ್ತು ತಂದ ಕಾಳು ಇದೆ.

ನಮ್ಮ ಕಡೆಯದ್ದೇ ಒಂದು ನೋಡಿ. ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಹಳೆ ಚರ್ಚನ್ನು ನೀವೂ ನೋಡಿರಬಹುದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಅಲ್ಲಿನ ಜನ ಊರು ಬಿಡಬೇಕಾಯಿತು. ಮಳೆಗಾಲದಲ್ಲಿ ಗೋಡೆಗಳ ಅರ್ಧಕ್ಕೆ ನೀರು, ಬೇಸಿಗೆಯಲ್ಲಿ ಮತ್ತೆ ನೆಲ ಕಾಣುತ್ತದೆ. ಜನ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ನಾನು ಅಲ್ಲಿ ನಿಂತಾಗಲೆಲ್ಲ, ಕೊನೆಯ ಪೂಜೆ ಮುಗಿಸಿ ಗಾಡಿಗೆ ಪಾತ್ರೆ ತುಂಬಿದ ಮನೆಯವರನ್ನು ನೆನೆಯುತ್ತೇನೆ. ಹೋಗಲೋ ಬೇಡವೋ ಅಂತ ಆರಿಸಿಕೊಳ್ಳುವ ಅವಕಾಶವೇ ಅವರಿಗೆ ಇರಲಿಲ್ಲ. ಪ್ರಾರ್ಥನೆಯನ್ನು ಜೊತೆಗೆ ತೆಗೆದುಕೊಂಡು ಹೋದರು.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಮೊದಲು ಗಿಡಗಳ ನಿಜ ಸ್ಥಿತಿ ತಿಳಿಯಿರಿ. ನಿಮ್ಮ ಭಾಗದ ಕಾಫಿ ಮಂಡಳಿ ಕಚೇರಿಯವರನ್ನು ತೋಟಕ್ಕೆ ಕರೆಸಿ, ಕೊರಕ ಬಿದ್ದ ಗಿಡ ಎಷ್ಟು, ಉಳಿಯುವುದು ಎಷ್ಟು ಅಂತ ಎಣಿಸಿ ಬರೆದುಕೊಳ್ಳಿ. ಬಾಳೆಹೊನ್ನೂರಿನ ಹತ್ತಿರದ ಸಂಶೋಧನಾ ಕೇಂದ್ರ 1925ರಿಂದ ಇದೇ ಕೆಲಸ ಮಾಡುತ್ತಿದೆ. ಈ ಕೊರಕದ ಕಾಟ ಮುಖ್ಯವಾಗಿ ಅರೇಬಿಕಾಕ್ಕೆ, ರೊಬಸ್ಟಾಕ್ಕೆ ಅಷ್ಟಿಲ್ಲ. ನಿಮ್ಮ ಎತ್ತರಕ್ಕೆ, ನೀರಿಗೆ ರೊಬಸ್ಟಾ ಆಗುತ್ತದಾ ಅಂತಲೂ ಕೇಳಿ. ಅವರು ಹೇಳುವ ಉತ್ತರ ಕೂಡ ನೀವು ಪ್ರಾರ್ಥನೆಯಲ್ಲಿ ಕೇಳಿದ್ದಕ್ಕೆ ಬಂದ ಉತ್ತರವೇ ಆಗಿರಬಹುದು. ಬ್ಯಾಂಕಿಗೆ ಹೋಗಿ ಸಾಲದ ಪೂರ್ತಿ ಲೆಕ್ಕ ತನ್ನಿ. ತಮ್ಮನ ಅಂಗಡಿಯ ಬಾಡಿಗೆ, ಲಾಭ, ಪಾಲು ಎಲ್ಲ ಕಾಗದದ ಮೇಲೆ ಬರಲಿ. ಯಜಮಾನರು ಒಂದು ತಿಂಗಳು ಅಲ್ಲಿ ಇದ್ದು ಕೆಲಸ ಮಾಡಿ ನೋಡಲಿ. ಮೂರೂ ಎಕರೆ ಮಾರಲೇಬೇಕಾ, ಸಾಲಕ್ಕೆ ಆಗುವಷ್ಟು ಮಾತ್ರ ಸಾಕಾ ಅನ್ನುವುದನ್ನೂ ಕೇಳಿಕೊಳ್ಳಿ.

ಈ ಎಲ್ಲ ಕಾಗದಗಳನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಮೂವರೂ ಕೂತು ಪ್ರಾರ್ಥನೆ ಮಾಡಿ. ಯಾರ ಕಡೆ ದೇವರು ಇದ್ದಾನೆ ಅಂತ ತೋರಿಸು ಅಂತ ಬೇಡಬೇಡಿ. ಒಬ್ಬರೊಬ್ಬರ ಮಾತು ಕೇಳುವ ಕಿವಿ ಕೊಡು ಅಂತ ಬೇಡಿ. ನಿಮ್ಮನ್ನು ಹಲವು ವರ್ಷದಿಂದ ಬಲ್ಲ ಸಭಾಪಾಲಕರನ್ನೋ ಹಿರಿಯರನ್ನೋ ಒಂದು ದಿನ ಕರೆಯಿರಿ. ಆಮೇಲೆ ತೀರ್ಮಾನ ಮಾಡಿ. ಮಾಡಿದ ಮೇಲೆ ಅದನ್ನು ದಿನಕ್ಕೊಂದು ಸಲ ಬೇರು ಕಿತ್ತು ನೋಡಬೇಡಿ.

ಇನ್ನೊಂದು ಮಾತು, ಅತ್ತೆಯವರ ಬಗ್ಗೆ. ನಿಮ್ಮ ಪತ್ರದಲ್ಲಿ ಅವರು 'ಬೇಡ' ಅಂದರು ಅಂತ ಮಾತ್ರ ಇದೆ, ಯಾಕೆ ಅಂತ ಇಲ್ಲ. ಒಂದು ಬೆಳಿಗ್ಗೆ ಅವರ ಜೊತೆ ತೋಟಕ್ಕೆ ಹೋಗಿ. ಯಾವ ಗಿಡ ಅವರು ನೆಟ್ಟದ್ದು, ಮಾವನವರು ಇದ್ದಾಗ ಯಾವ ವರ್ಷ ಬೆಳೆ ಹೋಗಿತ್ತು, ಆಗ ಹೇಗೆ ದಾಟಿದರು ಅಂತ ಕೇಳಿ. ಅವರು ಹೇಳಿ ಮುಗಿಸುವವರೆಗೂ ಮಾರುವ ಮಾತು ಎತ್ತಬೇಡಿ.